ಹಿಡಿ ಅಕ್ಕಿಯ ನಲವತ್ತು ದಿನ

ಮೊನ್ನೆ ಕುಶಾಲನಗರದ ದಿನಸಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬಳು ಬ್ಯಾಗಿನಿಂದ ಖಾಲಿ ಬಿಸ್ಕತ್ತಿನ ಡಬ್ಬ ತೆಗೆದು ಕಟ್ಟೆಯ ಮೇಲಿಟ್ಟಳು. ಅಂಗಡಿಯವನು ಅದರೊಳಗೆ ಅಕ್ಕಿ ಸುರಿದ. ತಗಡಿನ ತಳಕ್ಕೆ ಮೊದಲ ಕಾಳುಗಳು ಬೀಳುವಾಗಿನ ಸದ್ದೇ ಬೇರೆ. ಅಕ್ಕಿಯ ಮೇಲೆ ಅಕ್ಕಿ ಬೀಳತೊಡಗಿದ ಮೇಲೆ ಅದು ತಗ್ಗಿ, ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದಂತಾಗುತ್ತದೆ. ನಾನು ಏನು ಕೊಳ್ಳಲು ಬಂದೆನೆಂಬುದನ್ನೇ ಮರೆತು ನಿಂತುಬಿಟ್ಟೆ. ಆ ಸದ್ದನ್ನು ನಾಲ್ಕನೇ ಕ್ಲಾಸಿನಲ್ಲಿ ನಲವತ್ತು ದಿನ ಕೇಳಿದ್ದೆ. ಅದರ ಕೊನೆಯಲ್ಲಿ ನಡೆದದ್ದು ನನಗೆ ಕೊಟ್ಟ ಪೆಟ್ಟು ಎಂಥದೆಂದರೆ, ಇಷ್ಟು ವರ್ಷಗಳ ಮೇಲೂ ಅದರ ನೋವು ಹೋಗಿಲ್ಲ.

ಮಾದಾಪುರದಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಕೆಳಗೆ ಇಳಿದರೆ ನಮ್ಮ ಮನೆ. ಎರಡೆಕರೆ ಕಾಫಿ, ಒಂದಿಷ್ಟು ಗದ್ದೆ. ನಾವು ಲಿಂಗಾಯತರು. ಮನೆಯಲ್ಲಿ ಅಪ್ಪ, ಅವ್ವ, ನಾನು ಇದ್ದರೂ ಆ ಮನೆ ಇದ್ದದ್ದು ಅಜ್ಜಿಯ ಕೈಯಲ್ಲಿ. ಅಜ್ಜಿ ಎತ್ತರದ ಹೆಂಗಸು. ಬೆಳಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಅಡಿಗೆಮನೆಗೆ ಬಂದಳೆಂದರೆ ಒಲೆ ಕೂಡ ಸುಮ್ಮನೆ ಉರಿಯುತ್ತಿತ್ತು. ನೆಂಟರಿಷ್ಟರ ಮನೆ ಬಿಟ್ಟು ಬೇರೆ ಎಲ್ಲೂ ಅವಳು ಒಂದು ಲೋಟ ನೀರು ಕುಡಿದದ್ದನ್ನು ಯಾರೂ ಕಂಡಿರಲಿಲ್ಲ. ಸಂತೆಗೆ ಹೋದರೂ ಮನೆಯ ನೀರನ್ನೇ ಚೆಂಬಿನಲ್ಲಿ ಒಯ್ಯುತ್ತಿದ್ದಳು. ಬಾಗಿಲಿಗೆ ಬಂದವರಿಗೆ ಮಾತ್ರ ಯಾರು ಏನೆಂದು ಕೇಳದೆ ಬಡಿಸುತ್ತಿದ್ದಳು. ಅವಳ ಸೆರಗಿನಲ್ಲಿ ಹೊಗೆ, ವಿಭೂತಿ ಮತ್ತು ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ ಇರುತ್ತಿತ್ತು. ಕಿತ್ತಳೆ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಯಾಕೆ ಒಣಗಿಸುತ್ತಿದ್ದಳೋ ನಾನು ಕೇಳಲೇ ಇಲ್ಲ.

ನಾನು ಓದುತ್ತಿದ್ದುದು ಸಿಸ್ಟರ್‌ಗಳ ಶಾಲೆಯಲ್ಲಿ. ಹಂಚಿನ ಮಾಡಿನ ನಾಲ್ಕು ಕೋಣೆ, ಮುಂದೆ ಕೆಮ್ಮಣ್ಣಿನ ಅಂಗಳ, ಅಂಗಳದ ಸುತ್ತ ಗೋಡೆಯ ಮೇಲೆ ಹದಿನಾಲ್ಕು ಚಿಕ್ಕ ಮರದ ಶಿಲುಬೆಗಳು. ಕೊಡವರ ಮಕ್ಕಳು, ಅರೆಭಾಷೆ ಗೌಡರ ಮಕ್ಕಳು, ಬ್ಯಾರಿಗಳ ಮಕ್ಕಳು, ಎಸ್ಟೇಟಿನ ಕೆಲಸಗಾರರು ಸಾಲಾಗಿ ಇರುವ ಲೈನ್ ಮನೆಗಳಿಂದ ಬರುವ ತಮಿಳು ಮಲಯಾಳದ ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದೆವು. ನನ್ನ ಪಕ್ಕ ಕೂರುತ್ತಿದ್ದವಳು ಆರೋಗ್ಯಮೇರಿ. ಅವಳ ಅಪ್ಪ ಅಂತೋಣಿ, ಅಮ್ಮ ರೀತಮ್ಮ, ಇಬ್ಬರೂ ಶಾಲೆಯ ಹಿಂದಿನ ಎಸ್ಟೇಟಿನಲ್ಲಿ ಕೆಲಸದವರು. ಮೇರಿ ಹಾಡಿದರೆ ಹೊರಗೆ ಗಂಟೆ ಹೊಡೆಯಲು ಬಂದ ಆಯಾ ಕೂಡ ಕೋಲು ಹಿಡಿದು ನಿಂತುಬಿಡುತ್ತಿದ್ದಳು. ನನ್ನನ್ನು ಅವಳು ಗಿರಿಜ ಎಂದು ಕರೆಯದೆ ‘ಗಿರಿ’ ಎನ್ನುತ್ತಿದ್ದಳು. ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ನಮ್ಮ ಕ್ಲಾಸಿಗೆ ಸಿಸ್ಟರ್ ಲಿಲ್ಲಿ ಬಂದಿದ್ದರು. ಮಂಗಳೂರು ಕಡೆಯವರು, ತೀರಾ ಎಳೆಯ ವಯಸ್ಸು, ನಮ್ಮ ಜೊತೆ ಕುಂಟೆಬಿಲ್ಲೆ ಆಡುವಾಗ ತಲೆಯ ಬಿಳಿಬಟ್ಟೆ ಜಾರಿದರೆ ನಾಚಿಕೊಂಡು ಸರಿಮಾಡಿಕೊಳ್ಳುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಬುಧವಾರ ಫಾದರ್ ಬಂದು ಕ್ರೈಸ್ತ ಮಕ್ಕಳ ಹಣೆಗೆ ಬೂದಿ ಹಚ್ಚಿದರು. ಉಳಿದವರಲ್ಲೂ ಬೇಕೆಂದವರು ಸಾಲಿನಲ್ಲಿ ನಿಂತರು. ನಾನೂ ನಿಂತೆ. ಅಜ್ಜಿ ಹಚ್ಚಿದ್ದ ವಿಭೂತಿ ನನ್ನ ಹಣೆಯ ಮೇಲೆ ಆಗಲೇ ಇತ್ತು. ಸಿಸ್ಟರ್ ಲಿಲ್ಲಿ ನೋಡಿ ನಕ್ಕು, “ನಿನಗೆ ಮನೆಯಲ್ಲೇ ಆಗಿ ಉಂಟಲ್ಲ ಗಿರಿಜಾ” ಎಂದರು. ಮರುದಿನ ಒಂದು ದೊಡ್ಡ ತಗಡಿನ ಡಬ್ಬ ತಂದು ಮೇಜಿನ ಮೇಲಿಟ್ಟು ನಮಗೆ ಹೇಳಿದರು: “ಮಕ್ಕಳೇ, ದಿನಾ ಒಂದು ಹಿಡಿ ಅಕ್ಕಿ ತನ್ನಿ. ಅಮ್ಮನ ಹತ್ತಿರ ಹೆಚ್ಚಿಗೆ ಕೇಳುವುದಲ್ಲ. ನೀವು ತಿನ್ನುವುದರಲ್ಲಿ ಒಂದು ಹಿಡಿ ಕಡಿಮೆ ತಿಂದು ಅದನ್ನು ತರಬೇಕು. ಕಡೆಗೆ ಅದನ್ನು ಇಲ್ಲದವರ ಮನೆಗೆ ನಾವೇ ಹೊತ್ತುಕೊಂಡು ಹೋಗುವ.”

ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ನಕ್ಕರು. ಅಜ್ಜಿ ನಗಲಿಲ್ಲ. ಅವಳು ಪ್ರತಿಸಲ ಅನ್ನಕ್ಕಿಡುವಾಗ ಮನೆಗೆ ಬರುವ ಅಯ್ಯನವರಿಗೆಂದು ಒಂದು ಹಿಡಿ ಅಕ್ಕಿ ತೆಗೆದಿಡುವವಳು; ಸಿಸ್ಟರ್ ಮಾತು ಅವಳಿಗೆ ಪೂರಾ ಸರಿಯೆನಿಸಿತು. ಅಂದಿನಿಂದ ರಾತ್ರಿ ನನ್ನ ತಟ್ಟೆಗೆ ಅನ್ನ ಹಾಕಿ, ಅದರಲ್ಲಿ ಒಂದು ತುತ್ತು ವಾಪಸ್ ತೆಗೆದು, ಬೆಳಗ್ಗೆ ನನ್ನ ಮುಷ್ಟಿಯಲ್ಲೇ ಅಕ್ಕಿ ಅಳೆಸಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೇ ಹೋಗಿ ಡಬ್ಬಕ್ಕೆ ಹಾಕುತ್ತಿದ್ದೆವು. ನಮ್ಮ ಅಕ್ಕಿ ಮನೆಯ ಗದ್ದೆಯದು, ಕೆಲವರದು ಸಣ್ಣಕ್ಕಿ, ಮೇರಿಯದು ಮಾತ್ರ ನುಚ್ಚು ಬೆರೆತ ರೇಷನ್ ಅಕ್ಕಿ. ಸಣ್ಣ ಬಟ್ಟೆಯ ಗಂಟಿನಲ್ಲಿ ತರುತ್ತಿದ್ದಳು. ಗಂಟು ಬಿಚ್ಚಿ ಹಾಕಿ, ಬಟ್ಟೆಯನ್ನು ಎರಡು ಸಲ ಕೊಡವುತ್ತಿದ್ದಳು, ಒಂದು ಕಾಳೂ ಉಳಿಯಬಾರದೆಂಬಂತೆ.

ತಪಸ್ಸುಕಾಲ ಬಂದಾಗಿನಿಂದ ಅವಳು ಮಧ್ಯಾಹ್ನದ ಬುತ್ತಿ ತರುವುದನ್ನು ನಿಲ್ಲಿಸಿದ್ದಳು. ಯಾಕೆ ಎಂದರೆ “ನಂಗೆ ಉಪವಾಸ” ಎನ್ನುತ್ತಿದ್ದಳು. ನನ್ನ ಡಬ್ಬಿಯಿಂದ ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಂಡು ನಲ್ಲಿಗೆ ಬಾಯಿಟ್ಟು ನೀರು ಕುಡಿದು ಬರುತ್ತಿದ್ದಳು. ನಾನು ಅದನ್ನು ಪೂರ್ತಿ ನಂಬಿದ್ದೆ. ನಮ್ಮ ಅಜ್ಜಿಯೂ ಸೋಮವಾರ ಒಪ್ಪೊತ್ತು ಮಾಡುತ್ತಿದ್ದಳಲ್ಲ. ಆಮೇಲೆ ನಾಲ್ಕನೇ ಶುಕ್ರವಾರ ಅಂಗಳದಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಮಾಡುತ್ತ ಒಂದೊಂದೇ ಶಿಲುಬೆಯ ಮುಂದೆ ಮೊಣಕಾಲೂರಿ ಏಳುತ್ತಿದ್ದಾಗ, ಒಂಬತ್ತನೆಯದರ ಮುಂದೆ ಮೊಣಕಾಲೂರಿದ ಮೇರಿ ಏಳಲಿಲ್ಲ. ಹಾಗೇ ಪಕ್ಕಕ್ಕೆ ಉರುಳಿದಳು. ಸಿಸ್ಟರ್ ಅವಳನ್ನು ಎತ್ತಿಕೊಂಡು ಒಳಗೆ ಹೋಗಿ ಸಕ್ಕರೆ ನೀರು ಕುಡಿಸಿದರು, ಬ್ರೆಡ್ಡು ಕೊಟ್ಟರು. ಆ ಬ್ರೆಡ್ಡನ್ನು ಅವಳು ತಿಂದ ರೀತಿಯನ್ನು ಬಾಗಿಲ ಸಂದಿಯಿಂದ ನಾನು ಕಂಡೆ. ಅದು ಉಪವಾಸ ಬಿಡುವವರು ತಿನ್ನುವ ರೀತಿಯಲ್ಲ. ಹೋಗುವಾಗ ದಾರಿಯಲ್ಲಿ ಕೇಳಿದೆ. ಸುತ್ತ ಯಾರೂ ಇಲ್ಲವೆಂದು ನೋಡಿ, “ಅಪ್ಪ ಮೆಣಸು ಕುಯ್ಯಕ್ಕೆ ಏಣಿ ಹತ್ತಿ ಬಿದ್ದು ಕಾಲು ಮುರ್ಕೊಂಡಿದ್ದಾರೆ ಗಿರಿ. ಅಮ್ಮಂದು ಒಂದೇ ಕೆಲಸ. ನೀನು ಯಾರಿಗೂ ಹೇಳ್ಬೇಡ” ಎಂದಳು. ನಾನು ತಲೆಯಾಡಿಸಿದೆ.

ಐದನೇ ವಾರ ಸಿಸ್ಟರ್ ಲಿಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಈ ಅಕ್ಕಿ ಯಾರ ಮನೆಗೆ ಹೋಗಬೇಕೆಂದು ನಿಮಗೆ ಅನ್ನಿಸುತ್ತದೋ ಬರೆಯಿರಿ, ನಿಮ್ಮ ಹೆಸರು ಬೇಡ, ಯೇಸುವಿಗೆ ಗೊತ್ತಾದರೆ ಸಾಕು ಎಂದರು. ನಾನು ಕೈ ಅಡ್ಡ ಇಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ ಬರೆದೆ: ‘ನಮ್ಮ ಕ್ಲಾಸಿನ ಆರೋಗ್ಯಮೇರಿಯ ಮನೆ. ಅವಳು ಮಧ್ಯಾಹ್ನ ಊಟ ಮಾಡುವುದಿಲ್ಲ. ಅವಳ ತಂದೆಯ ಕಾಲು ಮುರಿದಿದೆ.’ ಯಾರಿಗೂ ಹೇಳುವುದಿಲ್ಲ ಎಂದು ತಲೆಯಾಡಿಸಿದ್ದೆ ನಿಜ. ಆದರೆ ಬರೆದರೆ ಹೇಳಿದಂತಲ್ಲ ಎಂದುಕೊಂಡೆ. ಇಡೀ ತಪಸ್ಸುಕಾಲದಲ್ಲಿ ನಾನು ಮಾಡಿದ ದೊಡ್ಡ ಪುಣ್ಯ ಅದೇ ಎಂಬ ಖುಷಿಯಲ್ಲಿ ಆ ದಿನ ಮನೆಗೆ ಓಡಿಕೊಂಡೇ ಹೋದೆ.

ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಹೊರಟೆವು. ಯಾರ ಮನೆಗೆ ಎಂದು ಸಿಸ್ಟರ್ ಹೇಳಿರಲಿಲ್ಲ. ಕ್ಲಾಸಿನ ಎಲ್ಲರ ಅಕ್ಕಿ ಸೇರಿ ಮುಕ್ಕಾಲು ಮೂಟೆ ಆಗಿತ್ತು. ಅದನ್ನು ಬಿದಿರ ಗಳಕ್ಕೆ ಕಟ್ಟಿ ನಮ್ಮಲ್ಲಿ ದೊಡ್ಡ ಹುಡುಗರು ಸರದಿಯಲ್ಲಿ ಹೊತ್ತರು. ಹಿಂದಿನ ವಾರ ಮಳೆ ಬಿದ್ದು ಎಸ್ಟೇಟಿನ ತುಂಬ ಕಾಫಿ ಹೂ ಬಿಟ್ಟಿತ್ತು. ಆ ಬಿಳುಪು, ಆ ಸಿಹಿ ಗಾಳಿ, ಜೇನ್ನೊಣಗಳ ಮೊರೆತದ ನಡುವೆ ಇಪ್ಪತ್ತಾರು ಮಕ್ಕಳು ಹಾಡುತ್ತ ನಡೆದೆವು. ಎಲ್ಲರಿಗಿಂತ ಮುಂದೆ ಶಿಲುಬೆ ಹಿಡಿದು ಹಾಡು ಹೇಳಿಕೊಡುತ್ತಿದ್ದವಳು ಮೇರಿ. ಚೆನ್ನಾಗಿ ಹಾಡುತ್ತಾಳೆಂದು ಸಿಸ್ಟರೇ ಅವಳನ್ನು ಮುಂದೆ ನಿಲ್ಲಿಸಿದ್ದರು. ತನ್ನ ಮನೆಗೆ ತಾನೇ ಯೇಸುವನ್ನು ಕರೆದುಕೊಂಡು ಹೋದಂತಾಗುತ್ತದೆ, ಮಗು ಎಷ್ಟು ಸಂತೋಷಪಡುತ್ತದೆ ಎಂದು ಅವರು ಯೋಚಿಸಿದ್ದರಂತೆ. ಲೈನ್ ಮನೆಗಳ ಕಡೆ ತಿರುಗಿದಾಗಲೂ ಮೇರಿ ಹಾಡುತ್ತಲೇ ಇದ್ದಳು. ಮೊದಲ ಬಾಗಿಲು ದಾಟಿದೆವು, ಎರಡನೆಯದು, ಮೂರನೆಯದು. ಐದನೆಯ ಬಾಗಿಲಿನ ಮುಂದೆ ಸಿಸ್ಟರ್, “ಇಲ್ಲಿ ಮಕ್ಕಳೇ” ಎಂದರು.

ಹಾಡು ನಿಂತಿತು. ಮೆಟ್ಟಿಲಿನ ಮೇಲೆ ಅಂತೋಣಿ ಬರೀ ಮೈಯಲ್ಲಿ, ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಕೂತಿದ್ದರು. ನಮ್ಮನ್ನು ಕಂಡು ಗಾಬರಿಯಿಂದ ಪಕ್ಕದಲ್ಲಿದ್ದ ಟವೆಲನ್ನು ಎದೆಗೆ ಎಳೆದುಕೊಂಡರು, ಗೋಡೆ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು. ಸಿಸ್ಟರ್ ಇನ್ನೂ ನಗುತ್ತಲೇ ಎರಡು ಮಾತಾಡಿದರು. ಅಷ್ಟರಲ್ಲಿ ಗಳ ಹೊತ್ತಿದ್ದವರಲ್ಲಿ ಒಬ್ಬ, ಕೆಟ್ಟ ಮನಸ್ಸಿಲ್ಲದೆಯೇ, “ಇವ್ಳೂ ದಿನಾ ಅಕ್ಕಿ ಹಾಕ್ತಿದ್ಲಲ್ಲ ಸಿಸ್ಟರ್. ಈಗ ಎಲ್ಲಾ ಅವ್ಳಿಗೇ ವಾಪಸ್ ಬಂತಲ್ಲ” ಎಂದ. ಯಾರೋ ಕಿಸಕ್ಕನೆ ನಕ್ಕರು. ಮೇರಿ ಅಳಲಿಲ್ಲ. ತಿರುಗಿ ನೇರ ನನ್ನ ಹತ್ತಿರ ಬಂದು, ಶಿಲುಬೆಯನ್ನು ನನ್ನ ಕೈಯಲ್ಲಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ ಅಪ್ಪನನ್ನು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಉಳಿದ ಅಂತೋಣಿ ಕೈಮುಗಿದು, “ಇರಲಿ ಸಿಸ್ಟರ್. ಒಳ್ಳೇದು. ಅಲ್ಲಿ ಇಡಿ” ಎಂದರು. ನನ್ನ ಕೈಯಲ್ಲಿದ್ದ ಶಿಲುಬೆ ಅವಳ ಬೆವರಿನಿಂದ ಒದ್ದೆಯಾಗಿತ್ತು. ಒಳ್ಳೆಯದು ಮಾಡಹೋಗಿ ಒಬ್ಬರನ್ನು ಹೀಗೂ ಹೊಡೆಯಬಹುದು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕೇಳುತ್ತ ಕೇಳುತ್ತ ಕೈ ನಿಂತಿತು.

“ಆ ಮಗೀನ ಹೆಸ್ರು ಬರ್ದೋರ್ ಯಾರು?”

“ನಾನೇ.”

“ಅವ್ಳನ್ನ ಕೇಳಿದ್ಯಾ?”

“ಇಲ್ಲ. ಯಾರಿಗೂ ಹೇಳ್ಬೇಡ ಅಂದಿದ್ಲು.”

ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೊರವನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು.

ಮರುದಿನ ಶನಿವಾರ ಶಾಲೆಗೆ ಹೋದರೆ ಜಗಲಿಯ ಮೇಲೆ ಅಕ್ಕಿಯ ಮೂಟೆ ಇತ್ತು. ಕಟ್ಟಿದ ಬಾಯಿ ಕಟ್ಟಿದಂತೆಯೇ ಇತ್ತು. ಬೆಳಕು ಹರಿಯುವ ಮುನ್ನ ರೀತಮ್ಮ ತಲೆಯ ಮೇಲೆ ಹೊತ್ತು ತಂದಿಟ್ಟು ಕೆಲಸಕ್ಕೆ ಹೋಗಿದ್ದರು. ಮೇರಿ ಬರಲಿಲ್ಲ. ಸಿಸ್ಟರ್ ಲಿಲ್ಲಿ ಹಾಜರಿ ಕರೆಯುತ್ತ ಅವಳ ಹೆಸರಿನವರೆಗೆ ಬಂದು, ಪುಸ್ತಕ ಮುಚ್ಚಿ, ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತರು. ಸಿಸ್ಟರ್‌ಗಳು ಅಳುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಇಪ್ಪತ್ತೈದು ಮಕ್ಕಳು ಕೆಮ್ಮದೆ ಕದಲದೆ ಕೂತಿದ್ದೆವು.

ಭಾನುವಾರ ಮಧ್ಯಾಹ್ನ ಅಜ್ಜಿ ಮಡಿಸೀರೆ ಉಟ್ಟು, “ಬಾ ಮಗಾ, ನಿನ್ ಗೆಳತಿ ಮನೆ ತೋರ್ಸು” ಎಂದಳು. ಕೈಯಲ್ಲಿ ಏನೂ ಇರಲಿಲ್ಲ, ನೀರಿನ ಚೆಂಬು ಕೂಡ. ಅವಳು ಯಾರ ಮನೆಗೂ ಬರಿಗೈಯಲ್ಲಿ ಹೋಗಿದ್ದನ್ನು ನಾನು ಕಂಡವಳಲ್ಲ.

“ಏನೂ ತಗೊಂಡ್ ಹೋಗದಿಲ್ವಾ ಅಜ್ಜಿ?”

“ಉಣ್ಣಕ್ಕೆ ಹೋಗೋರು ಬುತ್ತಿ ಕಟ್ಕಂಡ್ ಹೋಗ್ತಾರೇನೆ?”

ನನಗೆ ಅರ್ಥವಾಗಲಿಲ್ಲ. ಲೈನ್ ಮನೆಯ ಬಾಗಿಲಿಗೆ ಅಂದು ಚರ್ಚಿನಿಂದ ತಂದ ತೆಂಗಿನ ಎಳೆಗರಿಯನ್ನು ಸಿಕ್ಕಿಸಿದ್ದರು. ಅಂತೋಣಿ ಮತ್ತೆ ಏಳಲು ಹವಣಿಸಿದರು. ಅಜ್ಜಿ ಕೈಸನ್ನೆಯಲ್ಲೇ ಕೂರಿಸಿ, ಒಳಗೆ ಹೋಗಿ ಒಲೆಯ ಪಕ್ಕದ ನೆಲದ ಮೇಲೆ ಕೂತುಬಿಟ್ಟಳು. ರೀತಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಮೂಟೆಯ ಮಾತು ತೆಗೆಯುತ್ತಾರೆಂದೇ ಅವರು ಹೆದರಿದ್ದಿರಬೇಕು.

“ಬಿಸ್ಲಲ್ಲಿ ನಡ್ಕಂಡ್ ಬಂದಿವ್ನಿ ಕಣವ್ವ. ಹೊಟ್ಟೆ ಹಸಿದೈತೆ. ಏನೈತೆ ಒಲೆ ಮೇಲೆ?” ಎಂದಳು ಅಜ್ಜಿ.

ರೀತಮ್ಮ ಗಂಡನ ಮುಖ ನೋಡಿದರು. “ಅಮ್ಮಾ, ನೀವು ನಮ್ಮ ವೀಟ್ಟುಲ ಸಾಪಡ್ತೀರಾ? ಉಣ್ತೀರಾ?”

“ಯಾಕೆ, ಹಾಕಕಿಲ್ವಾ?”

“ಕಂಜಿ ಮಾತ್ರ ಅಮ್ಮಾ...” ಎಂದು ತಡೆದು, ಏನೋ ಹೊಳೆದವರಂತೆ ಅವಸರದಲ್ಲಿ, “ಮೀನು ಕರಿ ಏನೂ ಇಲ್ಲೆ ಅಮ್ಮಾ. ತಪಸ್ಸುಕಾಲ. ನಲವತ್ತು ದಿನ ಆಯ್ತು, ಈ ಮಣ್ಣಿನ ಚಟ್ಟಿಗೆ ಅದೆಲ್ಲ ಹಾಕಿಲ್ಲ” ಎಂದರು.

ಅಜ್ಜಿ ನಕ್ಕಳು. “ಹಂಗಾರೆ ನಿಮ್ ದೇವ್ರು ನಂಗೋಸ್ಕರಾನೇ ಈ ಉಪಾಸ ಮಡಗವ್ನೆ ಬಿಡು.”

ರೇಷನ್ ಅಕ್ಕಿಯ ಗಂಜಿ, ಉಪ್ಪು, ಸುಟ್ಟ ಸೂಜಿಮೆಣಸು. ಬಡಿಸಿದವಳು ಮೇರಿ. ಅಜ್ಜಿ ಸೆರಗಿನೊಳಗೆ ಲಿಂಗ ಮುಟ್ಟಿಕೊಂಡು ಕಣ್ಣುಮುಚ್ಚಿದಳು, ಆಮೇಲೆ ತಟ್ಟೆಯನ್ನು ಎತ್ತಿ ಕುಡಿದಳು. ನಾನು ಬೆಚ್ಚಿ ನೋಡುತ್ತಿದ್ದೆ. ಸಂತೆಯಲ್ಲಿ ಬಾಯಾರಿ ಬಿದ್ದರೂ ಹೊರಗಿನ ನೀರು ಮುಟ್ಟದ ನನ್ನಜ್ಜಿ ತಟ್ಟೆ ಖಾಲಿ ಮಾಡಿ, “ಇನ್ನೊಂದ್ ಸೌಟು ಹಾಕವ್ವ” ಎನ್ನುತ್ತಿದ್ದಳು. ಮೇರಿ ಹಾಕಿದಳು. ನನ್ನ ಮುಂದೆಯೂ ಒಂದು ತಟ್ಟೆ ಇಟ್ಟಳು, ಮಾತಿಲ್ಲದೆ. ಕುಡಿದೆ. ಪಾತ್ರೆಯ ತಳಕ್ಕೆ ಸೌಟು ತಾಗಿದ ಸದ್ದು ಕೇಳಿಸಿತು. ರಾತ್ರಿಗೆ ಅವರಿಗೆ ಇಟ್ಟುಕೊಂಡಿದ್ದೂ ಅದೇ ಎಂದು ನನಗೆ ಹೊಳೆಯಿತು. ಅಜ್ಜಿಗೂ ಹೊಳೆದಿತ್ತೆಂದು ಈಗ ಅನ್ನಿಸುತ್ತದೆ. ಆದರೂ ಕೇಳಿ ಹಾಕಿಸಿಕೊಂಡಳು. ಅಂತೋಣಿ ಮೆಟ್ಟಿಲ ಮೇಲಿಂದ ಕತ್ತು ತಿರುಗಿಸಿ ನೋಡುತ್ತಿದ್ದರು. ಆ ಮನುಷ್ಯನ ಬೆನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು.

ಹೊರಡುವಾಗ ಅಜ್ಜಿ ಅವರಿಗೆ ಹೇಳಿದ್ದು ಇಷ್ಟೆ: “ನಾವು ನಿಮ್ಮನೇಲಿ ಉಂಡ್ವಿ. ಇನ್ನು ನಿಮ್ ಹುಡ್ಗಿ ನಮ್ಮನೇಲಿ ಉಣ್ಣಕಿಲ್ಲ ಅನ್ನಂಗಿಲ್ಲ. ಅದು ಲೆಕ್ಕ ಅಲ್ಲ, ಬಳಕೆ.”

ಮಂಗಳವಾರ ಮೇರಿ ಶಾಲೆಗೆ ಬಂದಳು. ಬುಧವಾರ ಸಿಸ್ಟರ್ ಲಿಲ್ಲಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಆ ಮೂಟೆಯ ಅಕ್ಕಿಯಿಂದಲೇ ಗಂಜಿ ಬೇಯಿಸಿದರು. ಇಡೀ ಶಾಲೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡೆವು. ಗದ್ದೆಯ ಅಕ್ಕಿ, ಸಣ್ಣಕ್ಕಿ, ರೇಷನ್ ಅಕ್ಕಿ ಒಂದೇ ಹದಕ್ಕೆ ಬೇಯದೆ ಕೆಲವು ಕಾಳು ಗಟ್ಟಿ, ಕೆಲವು ಕರಗಿಹೋಗಿದ್ದವು. ಸಿಸ್ಟರ್ ಕೊನೆಯಲ್ಲಿ ಮೇರಿಯ ಪಕ್ಕ ನೆಲದ ಮೇಲೆ ಕೂತು ಉಂಡರು. ಅವರು ಅವಳಿಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಆಮೇಲೆ ರಜೆ ಬರುವತನಕ ಮೇರಿ ಎಷ್ಟೋ ಸಂಜೆ ನಮ್ಮ ಮನೆಗೆ ಬಂದಳು. ಅಜ್ಜಿ ಅವಳನ್ನು ಅಡಿಗೆಮನೆಯೊಳಗೇ ಕೂರಿಸಿ ಬಡಿಸುತ್ತಿದ್ದಳು. ಇದಕ್ಕಾಗಿ ನಮ್ಮ ದೊಡ್ಡಪ್ಪ ಆರು ತಿಂಗಳು ನಮ್ಮ ಮನೆಯಲ್ಲಿ ಉಣ್ಣಲಿಲ್ಲ. “ಅವ್ನಿಗೆ ಹಸಿವಾದಾಗ ಬತ್ತಾನೆ” ಎಂದಳು ಅಜ್ಜಿ. ಬಂದರು ಕೂಡ. ಮೇರಿ ಅಜ್ಜಿಯ ಜೊತೆ ನಗುತ್ತಿದ್ದಳು, ಹಾಡು ಹೇಳುತ್ತಿದ್ದಳು. ನನ್ನ ಜೊತೆ ಆಡುತ್ತಿದ್ದಳು ಕೂಡ. ಆದರೆ ‘ಗಿರಿ’ ಎಂದು ಕರೆಯಲಿಲ್ಲ. ಗಿರಿಜ ಎಂದೇ ಕರೆದಳು. ಚೀಟಿ ಬರೆದದ್ದು ನಾನು ಎಂದು ಹೇಳಲು ನನಗೆ ದಿನಾ ಬಾಯಿಗೆ ಬರುತ್ತಿತ್ತು, ದಿನಾ ನುಂಗುತ್ತಿದ್ದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವಳ ಜಾಗ ಖಾಲಿ ಇತ್ತು. ಅಂತೋಣಿಗೆ ಇನ್ನು ಮರ ಹತ್ತಲಾಗದೆಂದು ನೆಲ್ಯಹುದಿಕೇರಿ ಕಡೆಯ ಯಾವುದೋ ತೋಟದಲ್ಲಿ ಕಾವಲು ಕೆಲಸ ಹಿಡಿದು ಹೋದರಂತೆ.

ಅದೆಲ್ಲ ಹೋಯಿತು. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು, ಪಾಲಾದದ್ದು ಮಾರಾಟವಾಯಿತು. ಮನೆಯಿದ್ದ ಕಡೆ ಈಗ ಪ್ರವಾಸಿಗರಿಗೆ ಕಟ್ಟಿದ ಕಾಟೇಜುಗಳಿವೆ. ಮಕ್ಕಳು ವ್ಯಾನಿನಲ್ಲಿ ಪೇಟೆಗೆ ಹೋಗತೊಡಗಿ ನಮ್ಮ ಶಾಲೆ ಮುಚ್ಚಿತು. ಲೈನ್ ಮನೆಗಳನ್ನು ಕೆಡವಿ ಕಾಫಿ ನೆಟ್ಟಿದ್ದಾರೆ.

ಅಂಗಡಿಯಿಂದ ಮನೆಗೆ ಬಂದ ಮೇಲೂ ನನಗೆ ಸಮಾಧಾನವಿರಲಿಲ್ಲ. ಮರುದಿನ ಬಸ್ಸು ಹತ್ತಿ ನೆಲ್ಯಹುದಿಕೇರಿಗೆ ಹೋದೆ. ಅಲ್ಲಿ ಇಲ್ಲಿ ಕೇಳುತ್ತ ಹೋದವಳಿಗೆ, ಹಿಂದೆ ಆ ತೋಟದಲ್ಲಿದ್ದ ಮುದುಕಿಯೊಬ್ಬಳು ಸಿಕ್ಕಳು. ಅಂತೋಣಿ ತೀರಿಕೊಂಡು ಬಹಳ ವರ್ಷವಾಯಿತು, ಮಗಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾಳೆ, ತಾಯಿಯೂ ಅಲ್ಲೇ ಎಂದು ಹೇಳಿ, ಮೊಮ್ಮಗನ ಮೊಬೈಲಿನಿಂದ ನಂಬರ್ ಕೊಡಿಸಿದಳು. ಬಸ್ ನಿಲ್ದಾಣದಲ್ಲೇ ನಿಂತು ಫೋನ್ ಮಾಡಿದೆ. ಆಚೆ ಕಡೆ ಯಂತ್ರಗಳ ಸದ್ದು. ನಾನು ಯಾರೆಂದು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಯಂತ್ರಗಳ ಸದ್ದು ದೂರವಾಯಿತು. ಅವಳು ಎದ್ದು ಹೊರಗೆ ಬಂದಿರಬೇಕು.

“ಅಜ್ಜಿ ಇದ್ದಾರಾ?” ಎಂದು ಕೇಳಿದಳು. ಅವಳ ಮೊದಲ ಮಾತೇ ಅದು.

ಇಲ್ಲ ಎಂದೆ. ಆಮೇಲೆ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನುಂಗಿದ್ದನ್ನು ಹೇಳಿದೆ. “ಮೇರಿ, ಅವತ್ತು ಆ ಚೀಟಿ ಬರೆದದ್ದು ನಾನು.”

“ಗೊತ್ತು” ಎಂದಳು. “ಚಾಕ್‌ಪೀಸ್ ತರಕ್ಕೆ ಸಿಸ್ಟರ್ ನನ್ನ ಕಳಿಸಿದ್ರು. ಅವರ ಮೇಜಿನ ಮೇಲಿತ್ತು. ನಿನ್ನ ಅಕ್ಷರ ನಂಗೆ ತೆರಿಯದಾ, ಗೊತ್ತಾಗಲ್ವಾ?”

“ಯಾವಾಗ?”

“ಹೊರಡೋ ಮುಂಚೆನೇ.”

ಹಾಗಾದರೆ ಆ ಹೂಬಿಟ್ಟ ತೋಟದ ನಡುವೆ, ಎಲ್ಲರ ಮುಂದೆ ಶಿಲುಬೆ ಹಿಡಿದು ಹಾಡುತ್ತ ನಡೆದಾಗ ಅವಳಿಗೆ ಗೊತ್ತಿತ್ತು.

“ಬೇರೆ ಚೀಟಿನೂ ಇತ್ತಲ್ಲ” ಎಂದಳು, ನನ್ನನ್ನು ಸಮಾಧಾನ ಮಾಡುವವಳಂತೆ. “ಬೇರೆ ಯಾರದಾದ್ರೂ ಮನೆ ಇರಬಹುದು ಅಂತ ಕಡೇ ತನಕ ಅಂದ್ಕೊಂಡಿದ್ದೆ. ಜೋರಾಗಿ ಹಾಡಿದ್ರೆ ನಿಲ್ಲದೇ ಮುಂದೆ ಹೋಗ್ತಾರೆ ಅಂತ.”

ಬಸ್ಸುಗಳು ಬಂದವು, ಹೋದವು. ಅಜ್ಜಿಯನ್ನು ಸುಟ್ಟಿರಾ, ಮಣ್ಣು ಮಾಡಿದಿರಾ ಎಂದು ಕೇಳಿದಳು. ಮಣ್ಣು ಮಾಡಿದೆವು ಎಂದೆ. “ನಮ್ಮಂಗೇ” ಎಂದಳು. ಎಲ್ಲಿ ಎಂದು ಅವಳು ಕೇಳಲಿಲ್ಲ, ಒಳ್ಳೆಯದಾಯಿತು. ಮನೆಯ ಹಿಂದಿನ ತೋಟದಲ್ಲಿದ್ದ ಆ ಜಾಗದ ಮೇಲೆ ಈಗ ಕಾರು ನಿಲ್ಲಿಸುತ್ತಾರೋ, ಹುಲ್ಲು ಬೆಳೆಸಿದ್ದಾರೋ ನನಗೇ ತಿಳಿಯದು. ಗೇಟಿನ ಒಳಗೆ ಹೋಗಲು ನನಗೆ ಹಕ್ಕಿಲ್ಲ.

“ನವೆಂಬರಲ್ಲಿ ನಮ್ಮ ಸತ್ತೋರ ಹಬ್ಬ ಬರುತ್ತೆ” ಎಂದಳು ಮೇರಿ. “ಅಪ್ಪನ ಕಲ್ಲರೆಗೆ, ಸಮಾಧಿಗೆ, ಮೇಣದಬತ್ತಿ ಹಚ್ಚಕ್ಕೆ ನಾನು ವರ್ಷಾ ವರ್ಷಾ ನೆಲ್ಯಹುದಿಕೇರಿಗೆ ಬರ್ತೀನಿ. ಈ ಸಲ ಅಜ್ಜಿಗೂ ಒಂದು ಹಚ್ತೀನಿ. ಫಾದರ್ ಹತ್ರ ಪ್ರಾರ್ಥನೆಗೆ ಹೆಸರು ಬರೆಸ್ಬೇಕು. ಅಜ್ಜಿ ಅಜ್ಜಿ ಅಂತ್ಲೇ ಇದ್ದೆ, ಹೆಸರು ಕೇಳ್ಲೇ ಇಲ್ಲ. ಏನು ಗಿರಿ, ಅವರ ಹೆಸರು?”

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಆ ಹೆಸರನ್ನು ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಆ ಗದ್ದಲದ ನಡುವೆ ಅವಳಿಗೆ ಸ್ಪಷ್ಟವಾಗಿ ಕೇಳಿಸುವಂತೆ ಹೇಳಿದೆ.

“ಸಿದ್ದಮ್ಮ.”